ನೀರಿನ ಟ್ಯಾಂಕೂ ವಾಲಿಯ ಪ್ರಶ್ನೆಯೂ

ಸಿನಿಮಾ ನೋಡಿ ಹೊರಗೆ ಬಂದವರ ಮೊದಲ ಮಾತು ಬಹುಮಟ್ಟಿಗೆ ಅದರ ತಪ್ಪುಗಳ ಬಗ್ಗೆಯೇ ಇರುತ್ತದೆ. “ಅಲ್ಲ, ಅವನು ಅಷ್ಟು ಬೇಗ ಅಲ್ಲಿಗೆ ಬಂದದ್ದು ಹೇಗೆ?” ಎಂದು ಒಬ್ಬರು ಕೇಳುತ್ತಾರೆ. “ಸಿನಿಮಾದಲ್ಲಿ ಲಾಜಿಕ್ ಹುಡುಕಬಾರದು, ಸುಮ್ಮನೆ ನೋಡಬೇಕು” ಎಂದು ಇನ್ನೊಬ್ಬರು ಹೇಳುತ್ತಾರೆ. ಅಲ್ಲಿಗೆ ಮಾತು ನಿಂತುಹೋಗುತ್ತದೆ, ಇಲ್ಲವೇ ಜಗಳಕ್ಕೆ ತಿರುಗುತ್ತದೆ. ನಾನು ಒಂದು ಸಣ್ಣ ಊರಿನ ಚಿತ್ರಪ್ರೇಮಿಗಳ ಬಳಗದಲ್ಲಿ ಕೂತು ಹಲವು ವರ್ಷ ಇಂಥ ಮಾತುಗಳನ್ನು ಕೇಳಿದವನು, ಆಡಿದವನು. ಮೊದಲನೆಯ ಪ್ರಶ್ನೆಯನ್ನು ತಕರಾರೆಂದೂ ಎರಡನೆಯ ಮಾತನ್ನು ರಸಿಕತೆಯೆಂದೂ ತಿಳಿಯುವ ರೂಢಿ ನಮ್ಮಲ್ಲಿ ಬಲವಾಗಿದೆ. ನನಗೆ ಅದು ಒಪ್ಪಿಗೆಯಿಲ್ಲ. ಕಥೆಯ ತೂತುಗಳನ್ನು ಕುರಿತು ಕೇಳುವವನು ಕಥೆಯನ್ನು ಗಮನವಿಟ್ಟು ನೋಡಿದವನೇ ಆಗಿರುತ್ತಾನೆ. ಆದರೆ ಹಾಗೆ ಕೇಳುವುದಕ್ಕೆ ಒಂದು ಕ್ರಮವಿದೆ, ಆ ಕ್ರಮ ನಮ್ಮ ಕಾವ್ಯಗಳಲ್ಲಿಯೂ ನಮ್ಮ ರಂಗಭೂಮಿಯಲ್ಲಿಯೂ ಬಹಳ ಹಿಂದಿನಿಂದ ಬಳಕೆಯಲ್ಲಿದೆ ಎಂಬುದನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ನಮ್ಮ ಬಳಗದ ಒಂದು ಸಂಜೆಯ ಚರ್ಚೆಯಿಂದಲೇ ತೊಡಗುತ್ತೇನೆ. ಅಂದು ನಾವು ನೋಡಿದ್ದು 1975ರ ‘ಶೋಲೆ’. ಅದು ಹಿಂದಿ ಚಿತ್ರವಾದರೂ ಅದರ ನೆಲ ನಮ್ಮದು. ರಾಮಗಢ ಎಂಬ ಹೆಸರಿನಲ್ಲಿ ತೆರೆಯ ಮೇಲೆ ಕಾಣುವುದು ರಾಮನಗರದ ಬಂಡೆಗಳು. ಆ ಬಂಡೆಗಳ ನಡುವೆ ಒಂದು ಇಡೀ ಹಳ್ಳಿಯನ್ನು ಸೆಟ್ ಹಾಕಿ ಕಟ್ಟಿದ್ದರು. ಚಿತ್ರ ಮುಗಿದ ಮೇಲೆ ನಮ್ಮಲ್ಲಿ ಎದ್ದ ಪ್ರಶ್ನೆ ನಿಮ್ಮಲ್ಲಿ ಹಲವರು ಕೇಳಿರುವಂಥದೇ. ಈ ಊರಿಗೆ ಕರೆಂಟು ಬಂದಂತೆ ಕಾಣುವುದಿಲ್ಲ. ಠಾಕೂರರ ವಿಧವೆ ಸೊಸೆ ರಾಧಾ ರಾತ್ರಿಯಾದರೆ ಮನೆಯ ದೀಪಗಳನ್ನು ಒಂದೊಂದಾಗಿ ಆರಿಸುತ್ತ ಹೋಗುತ್ತಾಳೆ. ಹಾಗಿದ್ದ ಮೇಲೆ ನಾಯಕರಲ್ಲೊಬ್ಬನಾದ ವೀರು ಕುಡಿದು ಹತ್ತಿ ನಿಂತು, ಬಸಂತಿಯನ್ನು ಮದುವೆ ಮಾಡಿಕೊಡದಿದ್ದರೆ ಹಾರಿಬಿಡುತ್ತೇನೆ ಎಂದು ಕೂಗುವ ಆ ಎತ್ತರದ ಟ್ಯಾಂಕಿಗೆ ನೀರು ಏರಿದ್ದು ಹೇಗೆ?

ನಮ್ಮಲ್ಲಿ ಲೈನ್‌ಮನ್ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಊರೂರಿಗೆ ಕರೆಂಟು ಎಳೆದವರು ಅವರು. ಅದು ಬರುವ ಮೊದಲು ಊರು ಹೇಗಿತ್ತೆಂಬುದನ್ನೂ ಕಂಡವರು. ಅವರು ಹೇಳಿದರು: “ಕರೆಂಟು ಇಲ್ಲದಿದ್ದರೆ ನೀರು ಏರಬಾರದೆಂದು ಎಲ್ಲಿದೆ? ನಮ್ಮ ತೋಟದ ಬಾವಿಗೆ ಡೀಸೆಲ್ ಇಂಜಿನ್ ಇತ್ತು. ಹ್ಯಾಂಡಲ್ ಸಿಕ್ಕಿಸಿ, ಗಾಲಿಗೆ ವೇಗ ಬರುವ ತನಕ ಉಸಿರು ಕಟ್ಟಿ ತಿರುಗಿಸಬೇಕು. ವೇಗ ಬಂತೋ, ಮೇಲಿನ ಲಿವರ್ ಕೆಡವಬೇಕು. ಆಗ ಹಿಡಿದುಕೊಳ್ಳುತ್ತಿತ್ತು.” ಹೇಳುತ್ತಿದ್ದಂತೆ ಅವರ ಬಲಗೈ ಇಲ್ಲದ ಹ್ಯಾಂಡಲನ್ನು ತಿರುಗಿಸುತ್ತಿತ್ತು, ಎಡಗೈ ಇಲ್ಲದ ಲಿವರಿನ ಮೇಲಿತ್ತು. ಇಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬ ಬಿಡಲಿಲ್ಲ. “ಹಾಗಾದರೆ ಆ ಇಂಜಿನ್ನಿನ ಸದ್ದು ಎಲ್ಲಿದೆ ಸರ್? ಪಂಪ್‌ಹೌಸ್ ಎಲ್ಲಿದೆ? ಅಷ್ಟು ದುಡ್ಡಿರುವ ಊರು ಡಕಾಯಿತ ಗಬ್ಬರನಿಗೆ ಮೂಟೆ ಮೂಟೆ ಧಾನ್ಯ ಕೊಟ್ಟು ಬದುಕುವುದೇಕೆ?” ಎಂದು ಕೇಳಿದ. ಮಾತು ಎಲ್ಲಿಂದ ಎಲ್ಲಿಗೋ ಹೋಯಿತು. ಟ್ಯಾಂಕು ಎಷ್ಟು ಲೀಟರಿನದು ಎಂಬಲ್ಲಿಗೂ ಬಂತು. ಮುಕ್ಕಾಲು ಗಂಟೆ ಹೀಗೆ ಕಳೆದಿರಬೇಕು.

ಆಗ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಇಂದಿಗೂ ಉಳಿದಿದೆ. “ಆ ಊರಲ್ಲಿ ಕರೆಂಟು ಇದ್ದಿದ್ದರೆ ರಾಧಾ ಸ್ವಿಚ್ ಒತ್ತಿ ಒಳಗೆ ಹೋಗಿಬಿಡುತ್ತಿದ್ದಳು. ಟ್ಯಾಂಕು ಇಲ್ಲದಿದ್ದರೆ ವೀರು ಎಲ್ಲಿ ಹತ್ತಬೇಕಿತ್ತು? ಚಿತ್ರಕ್ಕೆ ಎರಡೂ ಬೇಕಾಗಿತ್ತು, ಅಷ್ಟೆ.” ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ವೀರುವಿನ ಗೆಳೆಯ ಜಯ್ ಕತ್ತಲಲ್ಲಿ ಕೂತು ಮೌತ್ ಆರ್ಗನ್ ನುಡಿಸುತ್ತಿರುವಾಗ, ಎದುರಿನ ಜಗಲಿಯಲ್ಲಿ ಬಿಳಿ ಸೀರೆಯ ಹೆಂಗಸೊಬ್ಬಳು ಒಂದೊಂದೇ ದೀಪ ಆರಿಸುತ್ತ ಸರಿಯುವ ದೃಶ್ಯಕ್ಕೆ ಎಣ್ಣೆಯ ಬೆಳಕಿನ ಹಳ್ಳಿ ಬೇಕು. ಅಲ್ಲಿರುವುದು ಮಾತಿಗೆ ಬಾರದ ಪ್ರೀತಿ ಮತ್ತು ಕರುಣ. ಕುಡುಕನೊಬ್ಬ ಇಡೀ ಊರನ್ನು ಕೆಳಗೆ ನಿಲ್ಲಿಸಿ ಭಾಷಣ ಮಾಡುವ ದೃಶ್ಯಕ್ಕೆ ಎತ್ತರದ ಒಂದು ವೇದಿಕೆ ಬೇಕು, ಅಲ್ಲಿರುವುದು ಹಾಸ್ಯ. ಎರಡು ರಸಗಳು ಎರಡು ಬೇರೆ ಬೇರೆ ಊರುಗಳನ್ನು ಕೇಳಿದವು, ಚಿತ್ರ ಎರಡನ್ನೂ ಒಂದೇ ಬಂಡೆಯ ನೆರಳಿನಲ್ಲಿ ಕಟ್ಟಿತು. ತೂತು ಬಿದ್ದಿರುವುದು ಆ ಎರಡು ಊರುಗಳು ಕೂಡುವ ಹೊಲಿಗೆಯಲ್ಲಿ. ಇದು ಗೊತ್ತಾದ ಮೇಲೆ ನನಗೆ ಟ್ಯಾಂಕಿನ ಪ್ರಶ್ನೆ ಅಸಂಬದ್ಧವೆನಿಸಲಿಲ್ಲ. ಆ ಪ್ರಶ್ನೆಯನ್ನು ಕೇಳದಿದ್ದರೆ ಚಿತ್ರವನ್ನು ಹೇಗೆ ಕಟ್ಟಿದ್ದಾರೆಂಬುದು ನಮಗೆ ಕಾಣುತ್ತಲೇ ಇರಲಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಚಿತ್ರ ವಿವರಿಸದೆ ಬಿಟ್ಟದ್ದೆಲ್ಲ ತೂತಲ್ಲ. ಹಿಚ್‌ಕಾಕ್ ಅವರ 1958ರ ‘ವರ್ಟಿಗೊ’ ಚಿತ್ರದ ಮೊದಲ ದೃಶ್ಯದಲ್ಲಿ ಪೊಲೀಸ್ ಪತ್ತೇದಾರನೊಬ್ಬ ಬಹುಮಹಡಿ ಕಟ್ಟಡದ ಸೂರಿನ ಅಂಚು ಹಿಡಿದು ನೇತಾಡುತ್ತಿರುತ್ತಾನೆ. ಮುಂದಿನ ದೃಶ್ಯದಲ್ಲಿ ಗೆಳತಿಯ ಮನೆಯಲ್ಲಿ ಕೂತಿರುತ್ತಾನೆ. ಅವನನ್ನು ಕೆಳಗಿಳಿಸಿದವರು ಯಾರೆಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ಅದನ್ನು ತೋರಿಸದೆ ಬಿಟ್ಟದ್ದರಿಂದಲೇ ಅವನು ಮುಂದೆಯೂ ಅಲ್ಲೇ ನೇತಾಡುತ್ತಿದ್ದಾನೆ ಎಂಬ ಭಾವ ಚಿತ್ರದುದ್ದಕ್ಕೂ ನಮ್ಮನ್ನು ಹಿಂಬಾಲಿಸುತ್ತದೆ. ಇನ್ನು ಕೆಲವು ತೂತುಗಳು ನಮ್ಮ ಗಮನದಲ್ಲಿ ಇರುವವೇ ಹೊರತು ಚಿತ್ರದಲ್ಲಿ ಇರುವುದಿಲ್ಲ. 1941ರ ‘ಸಿಟಿಜನ್ ಕೇನ್’ ಚಿತ್ರದಲ್ಲಿ ಸಾಯುವ ಮುದುಕ ‘ರೋಸ್‌ಬಡ್’ ಎನ್ನುವಾಗ ಕೋಣೆಯಲ್ಲಿ ಯಾರೂ ಕಾಣುವುದಿಲ್ಲ. ಯಾರೂ ಕೇಳದ ಮಾತಿನ ಹಿಂದೆ ಪತ್ರಕರ್ತರು ಹೊರಟದ್ದು ಹೇಗೆ ಎಂದು ಜನ ಕೇಳುತ್ತಲೇ ಬಂದಿದ್ದಾರೆ. ಆದರೆ ಆ ಮಾತನ್ನು ತಾನು ಕೇಳಿದೆನೆಂದು ಮನೆಯ ಬಟ್ಲರ್ ಚಿತ್ರದ ಕೊನೆಯ ಭಾಗದಲ್ಲಿ ಹೇಳುತ್ತಾನೆ. ತಪ್ಪು ಹೊರಿಸುವ ಮೊದಲು ಇನ್ನೊಂದು ಸಲ ನೋಡಬೇಕೆಂಬುದು ನಮ್ಮ ಬಳಗದಲ್ಲಿ ಒಂದು ಕಟ್ಟಳೆಯಂತೆ ಆಗಿರುವುದು ಇಂಥ ಅನುಭವಗಳಿಂದ. ‘ಶೋಲೆ’ಯಲ್ಲಿಯೇ ಜಯ್ ಚಿಮ್ಮುವ ನಾಣ್ಯ ಪ್ರತಿ ಸಲವೂ ಅವನು ಹೇಳಿದಂತೆಯೇ ಬೀಳುವುದು ಕಥೆಗಾರನ ಅನುಕೂಲದ ಕಾಕತಾಳೀಯದಂತೆ ಕಾಣುತ್ತದೆ. ಅವನು ಸತ್ತ ಮೇಲೆ ವೀರು ಆ ನಾಣ್ಯವನ್ನು ತಿರುಗಿಸಿ ನೋಡಿದಾಗ ಎರಡು ಕಡೆಯೂ ಒಂದೇ ಮುದ್ರೆ. ಆ ಕ್ಷಣದಲ್ಲಿ ನಮ್ಮ ಆಕ್ಷೇಪ ಕಣ್ಣೀರಾಗಿ ಬದಲಾಗುತ್ತದೆ.

ಇಷ್ಟು ಹೇಳಿ ನಮ್ಮ ಹಳಬರ ಕಡೆಗೆ ಬರುತ್ತೇನೆ. ಕಥೆಯಲ್ಲಿ ನಂಬಲಾಗದ್ದು ಬಂದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಸಿನಿಮಾ ಹುಟ್ಟುವುದಕ್ಕೆ ಒಂಬೈನೂರು ವರ್ಷಗಳ ಹಿಂದೆಯೇ ಕಾಶ್ಮೀರದ ಅಭಿನವಗುಪ್ತ ಎತ್ತಿಕೊಂಡಿದ್ದ. ಭರತನ ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ಅವನು ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲಿ ಮೊದಲನೆಯದು ‘ಸಂಭಾವನಾವಿರಹ’, ಅಂದರೆ ಇದು ನಡೆಯಬಹುದು ಎಂಬ ಭಾವನೆಯೇ ನೋಡುವವನಲ್ಲಿ ಹುಟ್ಟದಿರುವುದು. ನಡೆಯಲಾರದು ಎನಿಸಿದ ವಸ್ತುವಿನಲ್ಲಿ ಮನಸ್ಸು ನೆಲೆ ನಿಲ್ಲುವುದಿಲ್ಲ. ಮನಸ್ಸು ನಿಲ್ಲದಲ್ಲಿ ರಸವಿಲ್ಲ. ‘ಲಾಜಿಕ್ ಹುಡುಕಬಾರದು’ ಎನ್ನುವವರು ರಸದ ಪರವಾಗಿ ಮಾತಾಡುತ್ತಿದ್ದೇವೆಂದು ಭಾವಿಸುತ್ತಾರೆ. ರಸಶಾಸ್ತ್ರದ ಅತಿ ದೊಡ್ಡ ಆಚಾರ್ಯನಾದರೋ ನಂಬಿಕೆಯ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಇಟ್ಟಿದ್ದಾನೆ.

ಹಾಗಾದರೆ ಸಮುದ್ರ ದಾಟುವ ಕಥೆಗಳ ಗತಿಯೇನು? ಅದಕ್ಕೂ ಅವನಲ್ಲಿ ಉತ್ತರವಿದೆ. ಲೋಕಸಾಮಾನ್ಯವಲ್ಲದ ಸಾಹಸಗಳನ್ನು ಹೇಳುವಾಗ ರಾಮನಂಥ ಪ್ರಖ್ಯಾತರ ಹೆಸರನ್ನು ತೆಗೆದುಕೊಳ್ಳಬೇಕು. ತಲೆಮಾರುಗಳಿಂದ ಮುರಿಯದೆ ಬಂದ ಪ್ರಸಿದ್ಧಿಯಿಂದ ಆ ಹೆಸರಿನ ಮೇಲೆ ನಂಬಿಕೆ ಬೇರೂರಿರುತ್ತದೆ. ಈ ಮಾತನ್ನು ನಮ್ಮ ಚಿತ್ರಮಂದಿರಕ್ಕೆ ತಂದು ನೋಡಿ. ಹೊಸ ನಟನೊಬ್ಬ ಮೊದಲ ಚಿತ್ರದಲ್ಲಿಯೇ ಇಪ್ಪತ್ತು ಜನರನ್ನು ಹೊಡೆದು ಉರುಳಿಸಿದರೆ ನಾವು ಸೀಟಿನಲ್ಲಿ ಮಿಸುಕಾಡುತ್ತೇವೆ. ಅದನ್ನೇ ರಾಜ್‌ಕುಮಾರ್ ಮಾಡಿದರೆ ಮಿಸುಕಾಡಲಿಲ್ಲ. ಅವರು ಅದುವರೆಗೆ ಮಾಡಿದ ಪಾತ್ರಗಳೆಲ್ಲ ಸೇರಿ ಅವರ ಹೆಸರಿನ ಸುತ್ತ ಒಂದು ಪುರಾಣವನ್ನೇ ಕಟ್ಟಿದ್ದವು, ನಾವು ಆ ಪುರಾಣದ ಒಳಗೆ ಕೂತು ನೋಡುತ್ತಿದ್ದೆವು. ತಾರೆ ಎಂಬುದು ಹೀಗೆ ಸಂಪಾದಿಸಿಟ್ಟ ನಂಬಿಕೆ. ಆದರೆ ಈ ನಂಬಿಕೆಯ ವ್ಯಾಪ್ತಿ ಎಲ್ಲಿಯವರೆಗೆ ಎಂಬುದನ್ನೂ ಗಮನಿಸಬೇಕು. ತಾರೆಯ ತೋಳಿನ ಬಲವನ್ನು ನಾವು ಪ್ರಶ್ನಿಸದೆ ಒಪ್ಪುತ್ತೇವೆ. ಅದೇ ತಾರೆ ತಾಯಿ ತೀರಿಕೊಂಡ ದೃಶ್ಯದ ಮಗ್ಗುಲಲ್ಲೇ ವಿದೇಶದ ಬೀದಿಯಲ್ಲಿ ಕುಣಿದರೆ ಒಪ್ಪುವುದಿಲ್ಲ. ಮೈಯ ವಿಷಯದಲ್ಲಿ ಕೊಟ್ಟ ರಿಯಾಯಿತಿಯನ್ನು ಮನಸ್ಸಿನ ವಿಷಯದಲ್ಲಿ ಪ್ರೇಕ್ಷಕ ಯಾರಿಗೂ ಕೊಟ್ಟಿಲ್ಲ.

ನಂಬಲಾಗದ್ದನ್ನು ಎದುರಿಸಲು ನಮ್ಮ ಪರಂಪರೆಯಲ್ಲಿ ಎರಡು ದಾರಿಗಳು ಕಾಣುತ್ತವೆ. ಮೊದಲನೆಯದು ಶ್ರೇಣಿಕ ಮಹಾರಾಜನದು. ವಿಮಲಸೂರಿಯ ‘ಪಉಮಚರಿಯ’ ಎಂಬ ಪ್ರಾಕೃತ ಜೈನ ರಾಮಾಯಣದ ಮೊದಲಲ್ಲಿ ಮಗಧದ ಈ ಅರಸನಿಗೆ ರಾಮಕಥೆಯ ಬಗ್ಗೆ ಸಂಶಯಗಳು ಹುಟ್ಟುತ್ತವೆ. ಅಷ್ಟು ಬಲಶಾಲಿಗಳಾದ ರಾಕ್ಷಸರನ್ನು ಕೋತಿಗಳು ಕೊಂದದ್ದು ಹೇಗೆ? ಕಿವಿಗೆ ಎಣ್ಣೆ ಸುರಿದರೂ ಏಳದಂತೆ ಕುಂಭಕರ್ಣ ಆರು ತಿಂಗಳು ಮಲಗಿದ್ದು ಹೇಗೆ? ಅವನು ಮಹಾವೀರರ ಮುಖ್ಯ ಶಿಷ್ಯರಾದ ಗೌತಮ ಗಣಧರರ ಬಳಿ ಹೋಗಿ ಕೇಳುತ್ತಾನೆ, ಅವರು ಕಥೆಯನ್ನೇ ಬೇರೆ ರೀತಿಯಲ್ಲಿ ಹೇಳುತ್ತಾರೆ. ವಾನರರು ಕೋತಿಗಳಲ್ಲ, ಅದ್ಭುತ ವಿದ್ಯೆಗಳನ್ನು ಪಡೆದ ಮನುಷ್ಯರಾದ ವಿದ್ಯಾಧರರ ಒಂದು ವಂಶ, ಅವರ ಧ್ವಜದ ಮೇಲೆ ವಾನರನ ಚಿಹ್ನೆ. ರಾವಣನಿಗೆ ಹತ್ತು ತಲೆಗಳಿರಲಿಲ್ಲ. ಕೊರಳಲ್ಲಿ ಧರಿಸಿದ ಹಾರದ ರತ್ನಗಳಲ್ಲಿ ಅವನ ಮುಖ ಒಂಬತ್ತಾಗಿ ಪ್ರತಿಬಿಂಬಿಸಿತ್ತು. ಕನ್ನಡದಲ್ಲಿ ನಾಗಚಂದ್ರ ‘ಪಂಪರಾಮಾಯಣ’ ಬರೆದದ್ದು ಈ ಪರಂಪರೆಯನ್ನು ಹಿಡಿದೇ. ಇದು ಕಥೆಯ ಲೋಕವನ್ನು ನಮ್ಮ ಲೋಕದ ಅಳತೆಗೆ ತಿದ್ದುವ ದಾರಿ, ಮತ್ತು ನಾನು ಇದನ್ನು ಕಡಿಮೆಯೆಂದು ಎಣಿಸುವವನಲ್ಲ. ಹತ್ತು ತಲೆಯನ್ನು ತೆಗೆದದ್ದರಿಂದ ನಾಗಚಂದ್ರನಿಗೆ ಒಂದು ತಲೆಯ, ಪಶ್ಚಾತ್ತಾಪ ಪಡಬಲ್ಲ ರಾವಣ ಸಿಕ್ಕಿದ. ಚಿತ್ರವನ್ನು ನೋಡಿ ‘ಇದು ಹೀಗಿರಬೇಕಿತ್ತು’ ಎಂದು ಬೇರೆ ಕಥೆ ಹೇಳತೊಡಗುವ ಪ್ರೇಕ್ಷಕ ಶ್ರೇಣಿಕನ ವಂಶದವನು. ಆದರೆ ಅವನು ಮುಂದೆ ಮಾತಾಡುವುದು ತನ್ನ ಕಥೆಯ ಬಗ್ಗೆಯೇ ಹೊರತು ನಾವು ನೋಡಿದ ಚಿತ್ರದ ಬಗ್ಗೆ ಅಲ್ಲ ಎಂಬುದನ್ನು ಮರೆಯಬಾರದು.

ಎರಡನೆಯ ದಾರಿ ವಾಲಿಯದು, ಮತ್ತು ನನ್ನ ಮನಸ್ಸು ಇರುವುದು ಅಲ್ಲಿ. ಸುಗ್ರೀವನೊಡನೆ ಹೋರಾಡುತ್ತಿದ್ದಾಗ ಮರೆಯಿಂದ ಬಂದ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನಗೂ ನನಗೂ ವೈರವಿಲ್ಲ, ಬೇರೊಬ್ಬನೊಡನೆ ಹೋರಾಡುತ್ತಿದ್ದವನನ್ನು ಅಡಗಿ ನಿಂತು ಹೊಡೆದೆಯೇಕೆ? ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಸೀತೆಗಾಗಿ ಇದನ್ನು ಮಾಡಿದ್ದಾದರೆ ನನಗೇ ಹೇಳಬಹುದಿತ್ತು, ರಾವಣನ ಕುತ್ತಿಗೆಗೆ ಹಗ್ಗ ಹಾಕಿ ಒಂದೇ ದಿನದಲ್ಲಿ ಎಳೆದು ತರುತ್ತಿದ್ದೆ ಎನ್ನುತ್ತಾನೆ. ಇದು ಕೇಳುಗನ ಮನಸ್ಸಿನಲ್ಲಿ ಹುಟ್ಟಬೇಕಾದ ಪ್ರಶ್ನೆ. ಬಲಿಷ್ಠನಾದ ಅಣ್ಣನನ್ನು ಬಿಟ್ಟು ಅಡವಿ ಪಾಲಾಗಿದ್ದ ತಮ್ಮನ ಸ್ನೇಹವನ್ನು ರಾಮ ಬಯಸಿದ್ದೇಕೆ? ಇಂದಿನ ಮಾತಿನಲ್ಲಿ ಹೇಳುವುದಾದರೆ ರಾಮಾಯಣದ ಅತಿ ದೊಡ್ಡ ‘ಲಾಜಿಕ್’ ಪ್ರಶ್ನೆ ಇದೇ. ಆದಿಕವಿ ಅದನ್ನು ಮುಚ್ಚಿಡಲಿಲ್ಲ. ಸಾಯುತ್ತಿರುವವನ ಬಾಯಲ್ಲಿ ಇಟ್ಟು, ಕಥಾನಾಯಕನೇ ನಿಂತು ಉತ್ತರಿಸುವಂತೆ ಮಾಡಿದ.

ನಮ್ಮ ಕರಾವಳಿಯಲ್ಲಿ, ಮಲೆನಾಡಿನಲ್ಲಿ ತಾಳಮದ್ದಳೆ ಕೇಳಿದವರಿಗೆ ಈ ಸಂದರ್ಭದ ರುಚಿಯನ್ನು ನಾನು ಹೇಳಬೇಕಾಗಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಅಲ್ಲಿಯೇ ಹುಟ್ಟುವ ಮಾತಿನಲ್ಲಿ ವಾದ ಮಾಡುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರು ಇಂದಿಗೂ ಅದನ್ನು ನೆನೆಯುತ್ತಾರೆ. ಅಲ್ಲಿ ನಡೆಯುವುದನ್ನು ಸ್ವಲ್ಪ ಸೂಕ್ಷ್ಮವಾಗಿ ನೋಡಿ. ವಾಲಿಯ ಅರ್ಥ ಹೇಳುವವರು ರಾಮನನ್ನು ಎಷ್ಟು ಬೇಕಾದರೂ ಕಟುವಾಗಿ ಪ್ರಶ್ನಿಸಬಹುದು. ಆದರೆ ಪ್ರಶ್ನೆ ವಾಲಿಗೆ ಗೊತ್ತಿರಬಹುದಾದ ವಿಷಯಗಳಿಂದ ಹುಟ್ಟಬೇಕು. ಇಂದಿನ ಕಾನೂನನ್ನು ತಂದು ರಾಮನ ಮೇಲೆ ಹೊರಿಸಿದರೆ ಸಭೆ ಒಪ್ಪುವುದಿಲ್ಲ. ರಾಮನೂ ಪ್ರಸಂಗದ ಒಳಗಿನಿಂದಲೇ ಉತ್ತರ ಕೊಡಬೇಕು. ‘ನಾನು ದೇವರು, ಪ್ರಶ್ನಿಸಬೇಡ’ ಎಂದು ಕೈತೊಳೆದುಕೊಳ್ಳುವ ರಾಮನನ್ನು ಸಭೆ ಇನ್ನೂ ಕಡಿಮೆ ಒಪ್ಪುತ್ತದೆ. ಕೊನೆಗೆ ವಾಲಿ ಸಾಯಲೇಬೇಕು ಎಂಬುದು ಇಬ್ಬರಿಗೂ ಗೊತ್ತು, ಕೇಳುವ ನಮಗೂ ಗೊತ್ತು. ಆದ್ದರಿಂದ ಯಾರು ಗೆದ್ದರು ಎಂಬುದರ ಮೇಲೆ ರಾತ್ರಿಯ ಸಾರ್ಥಕತೆ ನಿಂತಿಲ್ಲ. ಆ ಸಾವಿನ ಭಾರ ಎಷ್ಟೆಂಬುದು ವಾದದಿಂದ ತಿಳಿಯುತ್ತದೆ. ಕುವೆಂಪು ಅವರು ‘ಶ್ರೀರಾಮಾಯಣ ದರ್ಶನಂ’ನಲ್ಲಿ ಇದೇ ಸಂದರ್ಭಕ್ಕೆ ಬಂದಾಗ ಅವರ ರಾಮ ತನ್ನ ತಪ್ಪನ್ನು ಒಪ್ಪಿಕೊಳ್ಳುತ್ತಾನೆ. ಶತಮಾನಗಳ ಕಾಲ ಮತ್ತೆ ಮತ್ತೆ ಕೇಳಿದ ಪ್ರಶ್ನೆಯೊಂದು ನಮ್ಮ ಭಾಷೆಯ ಮಹಾಕವಿಯ ಕೈಯಲ್ಲಿ ಹೊಸ ರಾಮನನ್ನೇ ಹುಟ್ಟಿಸಿತು.

ಸಿನಿಮಾ ನೋಡಿದ ನಂತರದ ನಮ್ಮ ಮಾತು ಈ ಅರ್ಥಗಾರಿಕೆಯ ಹಾಗೆ ನಡೆಯಬೇಕೆಂಬುದು ನನ್ನ ಆಸೆ. ಚಿತ್ರ ತಾನೇ ಹಾಕಿಕೊಂಡ ನಿಯಮ ಯಾವುದು, ಅದನ್ನು ಎಲ್ಲಿ ಮುರಿಯಿತು, ಮುರಿದ ಜಾಗದ ಮೇಲೆ ಚಿತ್ರದ ಭಾವ ಎಷ್ಟು ಭಾರ ಹಾಕಿ ನಿಂತಿತ್ತು ಎಂದು ಕೇಳಿದರೆ ಮಾತು ಬೆಳೆಯುತ್ತದೆ. ನಿಯಮ ಒಂದೊಂದು ಚಿತ್ರಕ್ಕೆ ಒಂದೊಂದು. ಮಲಯಾಳದ ‘ದೃಶ್ಯಂ’ನಿಂದ 2014ರಲ್ಲಿ ಕನ್ನಡಕ್ಕೆ ಬಂದ ‘ದೃಶ್ಯ’ವನ್ನೇ ತೆಗೆದುಕೊಳ್ಳಿ, ನೋಡದೆ ಇರುವವರು ಇದೊಂದು ನಿಮಿಷ ಕ್ಷಮಿಸಬೇಕು. ಘಟನೆ ನಡೆದ ಮೇಲೆ ಮಾಡಿದ ಪ್ರಯಾಣವನ್ನು ಘಟನೆಯ ದಿನವೇ ಮಾಡಿದ್ದೆಂದು ನಾಯಕ ಹಲವರ ನೆನಪಿನಲ್ಲಿ ಕೂರಿಸುತ್ತಾನೆ. ಹೋಟೆಲಿನವರು, ಬಸ್ಸಿನವರು, ಚಿತ್ರಮಂದಿರದವರು ಯಾರೂ ಸುಳ್ಳು ಹೇಳುತ್ತಿಲ್ಲ. ಅವರ ನೆನಪೇ ಜಾರಿದೆ. ಮತ್ತೆ ಮತ್ತೆ ಹೇಳಿದ ತಾರೀಖು ನಮ್ಮ ನೆನಪಾಗಿಬಿಡುವುದು ಮನೆಮನೆಯ ಅನುಭವವಾದ್ದರಿಂದ ನಾವು ಇದನ್ನು ಒಪ್ಪುತ್ತೇವೆ. ಇಂಥ ಚಿತ್ರ ‘ನನ್ನ ಲೆಕ್ಕ ಪರಿಶೀಲಿಸಿ’ ಎಂದು ನಮ್ಮ ಕೈಗೆ ಪುಸ್ತಕ ಕೊಟ್ಟು ಕೂರಿಸುತ್ತದೆ; ಹಾಗಾಗಿ ಟಿಕೆಟ್ಟು, ಮೊಬೈಲು, ತಾರೀಖು ಒಂದೊಂದನ್ನೂ ತಿಕ್ಕಿ ನೋಡುವ ಹಕ್ಕು ನಮಗಿದೆ. ಅದೇ ತಕ್ಕಡಿಯನ್ನು ಹಾಡು ಕುಣಿತದ ಚಿತ್ರಕ್ಕೆ ಒಯ್ದು, ಇಬ್ಬರು ಪ್ರೇಮಿಗಳು ಹಾಡುವಾಗ ಹಿಂದಿನಿಂದ ಪಿಟೀಲು ನುಡಿಸಿದವರು ಯಾರೆಂದು ಕೇಳಿದರೆ ಅದು ಯಕ್ಷಗಾನದ ಸೀತೆಗೆ ಗಂಡು ದನಿ ಏಕೆಂದು ಕೇಳಿದ ಹಾಗಾಗುತ್ತದೆ. ರಂಗದ ಇಂಥ ರೂಢಿಯನ್ನು ಭರತ ನಾಟ್ಯಧರ್ಮಿ ಎಂದ, ಲೋಕದ ನಡೆಯನ್ನು ಇದ್ದ ಹಾಗೆಯೇ ತೋರುವುದನ್ನು ಲೋಕಧರ್ಮಿ ಎಂದ. ಅವನ ರಂಗದಲ್ಲಿ ಎರಡಕ್ಕೂ ಜಾಗವಿತ್ತು.

ವಾಸ್ತವತೆ ಎಂಬ ಪದವನ್ನು ನಾವು ಬಹಳ ಸಡಿಲವಾಗಿ ಬಳಸುತ್ತೇವೆ. ಸಾಮಾನ್ಯವಾಗಿ ನಮಗೆ ಸಿಟ್ಟು ಬರುವುದು ನಮಗೆ ಗೊತ್ತಿರುವ ವಿಷಯದಲ್ಲಿ ತಪ್ಪಾದಾಗ. ಮಾನಿಟರಿನ ಗೆರೆ ಪೂರಾ ನೇರವಾದ ಮೇಲೆ ಎದೆಗೆ ಶಾಕ್ ಕೊಟ್ಟು ಬದುಕಿಸುವ ದೃಶ್ಯ ಬಂದರೆ ವೈದ್ಯರು ತಲೆ ಅಲ್ಲಾಡಿಸುತ್ತಾರೆ. ಏಕೆಂದರೆ ಹೃದಯದ ವಿದ್ಯುತ್ ಚಟುವಟಿಕೆಯೇ ನಿಂತಾಗ ಆ ಶಾಕ್ ಕೊಡುವುದಿಲ್ಲ. ನ್ಯಾಯಾಧೀಶರು ಸುತ್ತಿಗೆ ಕುಟ್ಟಿದರೆ ವಕೀಲರಿಗೆ ಕಸಿವಿಸಿ. ನಮ್ಮ ನ್ಯಾಯಾಲಯಗಳಲ್ಲಿ ಆ ಸುತ್ತಿಗೆ ಇಲ್ಲ. ಇವನ್ನೆಲ್ಲ ತಿದ್ದುವುದು ಸುಲಭ, ತಿದ್ದಲೂಬೇಕು. ಆದರೆ ಇವೆಲ್ಲ ಸರಿಯಾದರೂ ಚಿತ್ರ ಸುಳ್ಳಾಗಿರಬಹುದು. ‘ತಿಥಿ’ ಚಿತ್ರ ನೋಡಿದಾಗ ಮಂಡ್ಯದ ಕಡೆಯ ನನ್ನ ಗೆಳೆಯರೊಬ್ಬರು ಸಂಭಾಷಣೆಗೆ ನಗುತ್ತ ನಗುತ್ತ ಒಮ್ಮೆಲೇ ಸುಮ್ಮನಾದರು. ಆಮೇಲೆ ಕೇಳಿದರೆ, “ನಮ್ಮ ದೊಡ್ಡಪ್ಪ ಹೀಗೇ ಮಾತು ಮುಗಿಸದೆ ಎದ್ದು ಹೋಗುತ್ತಿದ್ದರು” ಎಂದರು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಹಿಂದೆಂದೂ ನಟಿಸದ ಊರಿನವರನ್ನೇ ಇಟ್ಟುಕೊಂಡು ತೆಗೆದ ಚಿತ್ರ ಅದು. ಕಥೆಯ ಲೆಕ್ಕದಲ್ಲಿ ನೋಡಿದರೆ, ಸತ್ತ ಮುದುಕನ ಮೊಮ್ಮಗನ ಜಮೀನು ವ್ಯವಹಾರ, ಮರಿಮಗನ ಪ್ರೇಮ, ಮಗನ ಅಲೆದಾಟ ಎಲ್ಲವೂ ಹನ್ನೊಂದನೆಯ ದಿನಕ್ಕೆ ಬಂದು ಕೂಡಿಕೊಳ್ಳುವುದು ದೊಡ್ಡ ಕಾಕತಾಳೀಯವೇ. ಅದನ್ನು ಯಾರೂ ಎತ್ತಿ ಆಡಲಿಲ್ಲ. ತಿಥಿಯ ಊಟಕ್ಕೆ ದಿಕ್ಕುಪಾಲಾದವರೆಲ್ಲ ಬಂದು ಸೇರುವುದು ನಮ್ಮ ಊರುಗಳಲ್ಲಿ ನಡೆದೇ ನಡೆಯುವ ಸಂಗತಿ. ಕಥೆಗಾರ ತನಗೆ ಬೇಕಾದ ಗಂಟನ್ನು ಊರಿನ ಸಂಪ್ರದಾಯದ ಕೈಯಿಂದಲೇ ಹಾಕಿಸಿದ್ದಾನೆ.

ಈಗ ಹೇಳುವ ವಿಷಯವನ್ನು ನಾನು ಸ್ವಲ್ಪ ನೋವಿನಿಂದಲೇ ಹೇಳಬೇಕಾಗಿದೆ. ಇನ್ನೊಂದು ಸಂಜೆ ನಾವು ನೋಡಿದ ಚಿತ್ರದಲ್ಲಿ, ಹೆಸರು ಬೇಡ, ಅಂಥ ಚಿತ್ರಗಳು ಹಲವಿವೆ, ನಾಯಕ ವಾರಗಟ್ಟಲೆ ಹುಡುಗಿಯ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುತ್ತಾನೆ, ಹಿಂದೆ ಹಿಂದೆ ನಡೆಯುತ್ತಾನೆ, ಅವಳು ಬೈದಷ್ಟೂ ನಗುತ್ತಾನೆ. ಮಧ್ಯಂತರದ ಹೊತ್ತಿಗೆ ಅವಳಿಗೆ ಪ್ರೀತಿ ಹುಟ್ಟುತ್ತದೆ. ನಮ್ಮಲ್ಲಿ ಹೈಸ್ಕೂಲು ಶಿಕ್ಷಕಿಯೊಬ್ಬರಿದ್ದಾರೆ, ಹೆಚ್ಚು ಮಾತಾಡುವವರಲ್ಲ. ಅವರು ಹೇಳಿದರು: “ನಾನು ಪಿಯುಸಿ ಓದುವಾಗ ಒಬ್ಬ ಹೀಗೇ ನಿಲ್ಲುತ್ತಿದ್ದ. ಏಳೂವರೆಯ ಬಸ್ಸು ಬಿಟ್ಟು ಆರೂ ಮುಕ್ಕಾಲಿನ ಬಸ್ಸಿಗೆ ಹೋಗತೊಡಗಿದೆ. ಕಾಲೇಜಿನ ಗೇಟು ತೆಗೆಯುವವರೆಗೆ ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಮನೆಯಲ್ಲಿ ಹೇಳಿದರೆ ಕಾಲೇಜು ಬಿಡಿಸುತ್ತಾರೆಂದು ಹೇಳಲಿಲ್ಲ. ಈ ಹುಡುಗಿಗೆ ಒಂದು ದಿನವೂ ಭಯವಾಗುವುದಿಲ್ಲವಲ್ಲ, ಅದು ಹೇಗೆ?” ಅವರಿಗೆ ಸಿಕ್ಕ ಉತ್ತರ ಇದು: “ಮೇಡಂ, ಸಿನಿಮಾದಲ್ಲಿ ಅದೆಲ್ಲ ಹುಡುಕಬಾರದು.” ಹಾಗೆ ಹೇಳಿದವರು ಟ್ಯಾಂಕಿನ ಪಂಪಿನ ಬಗ್ಗೆ ಮುಕ್ಕಾಲು ಗಂಟೆ ವಾದ ಮಾಡಿದವರೇ. ನಾನೂ ಅಲ್ಲಿದ್ದೆ, ಆ ಕ್ಷಣದಲ್ಲಿ ಬಾಯಿ ತೆರೆಯಲಿಲ್ಲ, ಅದು ನನ್ನಿಂದಾದ ತಪ್ಪು.

ಯೋಚಿಸಿ ನೋಡಿ. ಭಯಪಡಬೇಕಾದವಳು ಭಯಪಡದಿರುವುದು ಡೀಸೆಲ್ ಇಂಜಿನ್ನಿನ ಸದ್ದು ಕೇಳಿಸದಿರುವುದಕ್ಕಿಂತ ಎಷ್ಟೋ ದೊಡ್ಡ ತೂತು. ಚಿತ್ರದ ಇಡೀ ಪ್ರೇಮ ನಿಂತಿರುವುದು ಅದರ ಮೇಲೆ. ಆ ಶಿಕ್ಷಕಿಯ ಪ್ರಶ್ನೆ ವಾಲಿಯ ಪ್ರಶ್ನೆಯ ಜಾತಿಯದು. ಕಥೆಯೊಳಗೆ ಇರುವವರ ಕಡೆಯಿಂದ, ಅವರ ಮೈಯ ಅನುಭವದಿಂದ ಹುಟ್ಟಿದ ಪ್ರಶ್ನೆ. ಅಭಿನವಗುಪ್ತ ಹೇಳುವ ವಿಘ್ನ ಅವರಿಗೆ ಆಗಿತ್ತು, ಅವರ ಪಕ್ಕದ ಕುರ್ಚಿಯಲ್ಲಿ ಕೂತವರಿಗೆ ಆಗಿರಲಿಲ್ಲ. ಎಲ್ಲರ ಆಕ್ಷೇಪಕ್ಕೂ ನಾವು ಒಂದೇ ಕಿವಿ ಕೊಡುವುದಿಲ್ಲ. ಯಂತ್ರದ ಬಗ್ಗೆ ಕೇಳಿದರೆ ತಾರ್ಕಿಕನೆನ್ನುತ್ತೇವೆ, ಮನುಷ್ಯರ ಬಗ್ಗೆ ಕೇಳಿದರೆ ರಸಭಂಗ ಮಾಡುವವರೆನ್ನುತ್ತೇವೆ. ಹಳ್ಳಿಯ ಬಡವರ ಮನೆಯ ಅಡುಗೆಮನೆ ತೆರೆಯ ಮೇಲೆ ಹೊಳೆಯುತ್ತಿದ್ದಾಗ ಅಂಥ ಮನೆಯಲ್ಲಿ ಬೆಳೆದವರು ಆಡುವ ಮಾತಿಗೂ ಇದೇ ಗತಿ. ಯಾರ ಬದುಕು ತೆರೆಯ ಮೇಲೆ ತಪ್ಪಾಗಿ ಕಾಣುತ್ತಿದೆಯೋ ಅವರು ಮಾತಾಡುವಾಗ ಉಳಿದವರು ಪ್ರಶ್ನೆ ಮುಗಿಯುವವರೆಗಾದರೂ ಕೇಳಬೇಕು, ಉತ್ತರವನ್ನು ಚಿತ್ರದೊಳಗೆ ಹುಡುಕಬೇಕು. ಸಿಗದಿದ್ದರೆ ಸಿಗಲಿಲ್ಲವೆಂದು ಒಪ್ಪಬೇಕು.

ನಾನು ‘ಶೋಲೆ’ಯಿಂದ ತೊಡಗಿದೆ, ಅಲ್ಲಿಗೇ ಮರಳುತ್ತೇನೆ. ಕೆಲವು ತಿಂಗಳ ನಂತರ ಅದರ ಮಾತು ಮತ್ತೆ ಬಂದಾಗ ಅದೇ ಶಿಕ್ಷಕಿ ಒಂದು ಪ್ರಶ್ನೆ ಕೇಳಿದರು. ಠಾಕೂರ್ ಪೊಲೀಸ್ ಅಧಿಕಾರಿಯಾಗಿ ಗಬ್ಬರನನ್ನು ಹಿಡಿದು ಒಮ್ಮೆ ಜೈಲಿಗೆ ಕಳಿಸಿದ್ದವನು. ಗಬ್ಬರ್ ಜೈಲಿನಿಂದ ತಪ್ಪಿಸಿಕೊಂಡು ಬಂದು ಅವನ ಮನೆಮಂದಿಯನ್ನು ಕೊಂದ, ಅವನ ಎರಡೂ ತೋಳುಗಳನ್ನು ಕಡಿದ. ಕಾನೂನಿನ ಕೈಗೆ ಕೊಟ್ಟರೆ ಏನಾಗುತ್ತದೆಂದು ಚಿತ್ರ ನಮಗೆ ತೋರಿಸಿಯೇ ಆಗಿದೆ. ಠಾಕೂರ್ ಜಯ್, ವೀರು ಎಂಬ ಇಬ್ಬರು ಕಳ್ಳರನ್ನು ಕರೆತಂದದ್ದೇ ಆ ಕಾರಣಕ್ಕೆ. ಹಾಗಿರುವಾಗ ಕೊನೆಯಲ್ಲಿ, ಗಬ್ಬರ್ ಅವನ ಕಾಲ ಕೆಳಗೆ ಬಿದ್ದಿರುವಾಗ, ಅಷ್ಟೂ ಹೊತ್ತು ಇಲ್ಲದ ಪೊಲೀಸರು ಎಲ್ಲಿಂದ ಬಂದರು? ಕಾನೂನು ಶಿಕ್ಷಿಸುತ್ತದೆ ಎಂಬ ಮಾತಿಗೆ ಠಾಕೂರ್ ಒಪ್ಪಿದ್ದು ಹೇಗೆ?

ಚಿತ್ರ ಹಾಕಿಕೊಂಡ ನಿಯಮ ಮುರಿದಿರುವುದು ಇಲ್ಲಿ, ಮತ್ತು ಅಷ್ಟು ಹೊತ್ತಿನ ಸೇಡಿನ ಭಾರವೆಲ್ಲ ನಿಂತಿರುವುದೂ ಇದೇ ಜಾಗದ ಮೇಲೆ. ನಾವು ಉತ್ತರವನ್ನು ಚಿತ್ರದೊಳಗೆ ಹುಡುಕಿದೆವು, ಸಿಗಲಿಲ್ಲ. ಅದು ಹೊರಗಿದೆ. 1975ರ ಜೂನ್ 25ರಂದು ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಆಗಸ್ಟ್ 15ರಂದು ಚಿತ್ರ ಬಿಡುಗಡೆಯಾಯಿತು. ಮೊದಲು ಚಿತ್ರೀಕರಿಸಿದ ಕೊನೆಯಲ್ಲಿ ಠಾಕೂರನೇ ಗಬ್ಬರನನ್ನು ಕೊಲ್ಲುತ್ತಿದ್ದ. ಮಾಜಿ ಪೊಲೀಸ್ ಅಧಿಕಾರಿ ಕಾನೂನನ್ನು ಕೈಗೆತ್ತಿಕೊಳ್ಳುವುದನ್ನು ಸೆನ್ಸಾರ್ ಒಪ್ಪಲಿಲ್ಲ, ಪೊಲೀಸರು ಬರುವ ಹೊಸ ಕೊನೆಯನ್ನು ತೆಗೆದು ಸೇರಿಸಬೇಕಾಯಿತು. ಹಳೆಯ ಕೊನೆಯನ್ನು ಮರಳಿ ಕೂಡಿಸಿ ಸಂರಕ್ಷಿಸಿದ ಪ್ರತಿಯನ್ನು 2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯಾದ ಚಿತ್ರೋತ್ಸವದಲ್ಲಿ ತೋರಿಸಿದರು. ನಾನು ಇದನ್ನು ಬಳಗದಲ್ಲಿ ಹೇಳಿದಾಗ ನಮ್ಮ ಲೈನ್‌ಮನ್ ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಅವರು ಅದನ್ನು ಮೊದಲು ನೋಡಿದ್ದು ಯುವಕನಾಗಿದ್ದಾಗ, ಆ ತುರ್ತುಪರಿಸ್ಥಿತಿಯ ದಿನಗಳಲ್ಲಿಯೇ. ಆಮೇಲೆ ಶಿಕ್ಷಕಿಯ ಕಡೆ ತಿರುಗಿ ಹೇಳಿದರು: “ಅಂದು ಥಿಯೇಟರಿನಲ್ಲಿ ಪೊಲೀಸರು ಬಂದಾಗ ನಾವೆಲ್ಲ ಚಪ್ಪಾಳೆ ಹೊಡೆದಿದ್ದೆವು, ಮೇಡಂ. ಎಲ್ಲಿಂದ ಬಂದರೆಂದು ಕೇಳಲಿಲ್ಲ.”